ಆಮಿಶರ ಬದುಕಿನ ಮೇಲೆ ಕಾಲೇಜು ಪ್ರಬಂಧ: ಹುಡುಕಾಟ ಶುರು ಮಾಡುವುದರಿಂದ ಬರೆಯುವವರೆಗೆ

ಅಮೆರಿಕದ ಕಾಲೇಜುಗಳಲ್ಲಿ ಸಮಾಜಶಾಸ್ತ್ರ, ಮಾನವಶಾಸ್ತ್ರ ಅಥವಾ ಧರ್ಮಗಳ ಅಧ್ಯಯನದ ಕೋರ್ಸ್ ತೆಗೆದುಕೊಂಡವರು ಪ್ರಬಂಧಕ್ಕೆ ಹಳೆಯ ಪದ್ಧತಿಯಲ್ಲಿ ಬದುಕುವ ಕ್ರೈಸ್ತ ಪಂಗಡವಾದ ಆಮಿಶ್ ಸಮುದಾಯವನ್ನು ಆರಿಸಿಕೊಳ್ಳುವುದುಂಟು. ಪೆನ್ಸಿಲ್ವೇನಿಯಾ, ಒಹಾಯೊ, ಇಂಡಿಯಾನಾದಲ್ಲಿ ಓದುವ ನಮ್ಮ ಕನ್ನಡದ ಹುಡುಗ ಹುಡುಗಿಯರಿಗಂತೂ ಈ ವಿಷಯ ಹತ್ತಿರದ್ದು. ಊರಾಚೆ ಸ್ವಲ್ಪ ದೂರ ಹೋದರೆ ಸಾಕು, ರಸ್ತೆ ಬದಿಯಲ್ಲಿ ಕುದುರೆ ಗಾಡಿ ಕಾಣಿಸುತ್ತದೆ. ಕುತೂಹಲ ಹುಟ್ಟುವುದು ಸಹಜ.

ಆದರೆ ಹೆಚ್ಚಿನ ಪ್ರಬಂಧಗಳು ಒಂದೇ ಥರ ಶುರುವಾಗುತ್ತವೆ. "ಆಮಿಶರು ವಿದ್ಯುತ್ ಬಳಸುವುದಿಲ್ಲ, ಕಾರು ಹತ್ತುವುದಿಲ್ಲ, ಆಧುನಿಕ ಬದುಕನ್ನೇ ಬಿಟ್ಟಿದ್ದಾರೆ." ಇದು ನಿಜವಲ್ಲ. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕಡೆಯ ಆಮಿಶ್ ಬಡಗಿಯ ಅಂಗಡಿಯಲ್ಲಿ ಡೀಸೆಲ್ ಎಂಜಿನ್ ಗಾಳಿಯನ್ನು ಒತ್ತಿ ತುಂಬುತ್ತದೆ. ಆ ಗಾಳಿಯ ಒತ್ತಡದಿಂದ ಗರಗಸ, ಡ್ರಿಲ್ ಎಲ್ಲ ಓಡುತ್ತವೆ. ಮನೆಯಲ್ಲಿ ಗ್ಯಾಸಿನಿಂದ ನಡೆಯುವ ಫ್ರಿಜ್ ಇರುತ್ತದೆ. ದೂರದ ಊರಿಗೆ ಹೋಗಬೇಕಾದರೆ ಆಮಿಶ್ ಅಲ್ಲದ ಡ್ರೈವರ್‌ಗೆ ದುಡ್ಡು ಕೊಟ್ಟು ವ್ಯಾನಿನಲ್ಲಿ ಹೋಗುತ್ತಾರೆ. ಅವರು ಬೇಡ ಎಂದಿದ್ದು ಸಾರ್ವಜನಿಕ ವಿದ್ಯುತ್ ತಂತಿಯ ಸಂಪರ್ಕವನ್ನು ಮತ್ತು ಕಾರಿನ ಒಡೆತನವನ್ನು. ಈ ವ್ಯತ್ಯಾಸದಲ್ಲೇ ನಿಮ್ಮ ಪ್ರಬಂಧದ ಜೀವ ಇದೆ.

ಹಾಗಾಗಿ ಯಾವ ಮಾಹಿತಿ ಸಿಕ್ಕರೂ ಅದಕ್ಕೆ ಮೂರು ಪ್ರಶ್ನೆ ಕೇಳಿ. ಯಾವ ಆಮಿಶ್? ಯಾವ ವರ್ಷ? ಹೇಳಿದ್ದು ಯಾರು? ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಬರೆದಿಟ್ಟುಕೊಳ್ಳಿ. ಮುಂದೆ ಹೇಳುವ ಎಲ್ಲ ಹಂತಗಳೂ ಈ ಮೂರು ಪ್ರಶ್ನೆಗಳ ಸುತ್ತಲೇ ತಿರುಗುತ್ತವೆ.

ಹಂತ 1: ಮೊದಲು ಇತಿಹಾಸ ಓದಿ

ಒಂದು ಸಂಜೆ ಸಾಕು. ಆದರೆ ಇದನ್ನು ಬಿಡಬೇಡಿ. ಇವತ್ತಿನ ಆಮಿಶ್ ಬದುಕಿನ ಎಷ್ಟೋ ಸಂಗತಿಗಳ ಕಾರಣ 500 ವರ್ಷ ಹಿಂದಿನ ಯುರೋಪಿನಲ್ಲಿದೆ.

1525ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಒಂದು ಚಿಕ್ಕ ಗುಂಪು ಒಬ್ಬರಿಗೊಬ್ಬರು ಮತ್ತೆ ದೀಕ್ಷಾಸ್ನಾನ ಕೊಟ್ಟುಕೊಂಡಿತು. ಹುಟ್ಟಿದ ಮಗುವಿಗೆ ಕೊಟ್ಟ ದೀಕ್ಷೆಗೆ ಅರ್ಥವಿಲ್ಲ, ಬುದ್ಧಿ ಬಂದವರು ತಾವೇ ನಿರ್ಧರಿಸಿ ಪಡೆಯಬೇಕು ಎನ್ನುವುದು ಅವರ ವಾದ. ಇವರನ್ನು ಅನಾಬ್ಯಾಪ್ಟಿಸ್ಟರು ಎಂದು ಕರೆದರು. ಆಗ ಚರ್ಚು ಮತ್ತು ಸರ್ಕಾರ ಒಂದಕ್ಕೊಂದು ಹೆಣೆದುಕೊಂಡಿದ್ದವು. ಮಗುವಿಗೆ ದೀಕ್ಷೆ ಬೇಡ ಎಂದರೆ ಅದು ರಾಜ್ಯಕ್ಕೇ ಎದುರು ನಿಂತ ಹಾಗೆ. ಗುಂಪಿನ ಮುಂದಾಳುಗಳಲ್ಲಿ ಒಬ್ಬರಾದ ಫೆಲಿಕ್ಸ್ ಮಾಂಟ್ಸ್ ಅವರನ್ನು 1527ರಲ್ಲಿ ಲಿಮ್ಮಾಟ್ ನದಿಯಲ್ಲಿ ಮುಳುಗಿಸಿ ಕೊಂದರು. 1536ರಲ್ಲಿ ಡಚ್ ಪಾದ್ರಿ ಮೆನ್ನೊ ಸೈಮನ್ಸ್ ತಮ್ಮ ಕ್ಯಾಥೊಲಿಕ್ ಚರ್ಚು ಬಿಟ್ಟು ಇವರ ಜೊತೆ ಸೇರಿದರು. ಮೆನೊನೈಟ್ ಎಂಬ ಹೆಸರು ಅವರಿಂದ ಬಂದದ್ದು.

1693ರಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಅಲ್ಸಾಸ್ ಕಡೆಯ ಅನಾಬ್ಯಾಪ್ಟಿಸ್ಟರಲ್ಲೇ ಜಗಳ ಎದ್ದಿತು. ಜಾಕೋಬ್ ಅಮ್ಮಾನ್ ಎಂಬ ಹಿರಿಯರು ಶಿಸ್ತು ಇನ್ನೂ ಬಿಗಿಯಾಗಿರಬೇಕು ಎಂದರು. ಚರ್ಚಿನಿಂದ ಹೊರಹಾಕಿದವರ ಜೊತೆ ಊಟದ ವ್ಯವಹಾರವೂ ಇರಬಾರದು ಎನ್ನುವುದು ಅದರಲ್ಲಿ ಮುಖ್ಯವಾದದ್ದು. ಅವರ ಹಿಂದೆ ಹೋದವರೇ ಆಮಿಶರು. 1700ರ ದಶಕಗಳಲ್ಲಿ ಇವರು ಪೆನ್ಸಿಲ್ವೇನಿಯಾಕ್ಕೆ ಹಡಗು ಹತ್ತಿದರು. ಅಲ್ಲಿ ಆ ವಸಾಹತನ್ನು ಸ್ಥಾಪಿಸಿದ ವಿಲಿಯಂ ಪೆನ್ ಹಾಕಿಕೊಟ್ಟ ಧಾರ್ಮಿಕ ಸ್ವಾತಂತ್ರ್ಯ ಇತ್ತು. ಯುರೋಪಿನಲ್ಲೇ ಉಳಿದವರು ಕ್ರಮೇಣ ಮೆನೊನೈಟರಲ್ಲಿ ಬೆರೆತುಹೋದರು. ಅಲ್ಲಿನ ಕೊನೆಯ ಆಮಿಶ್ ಸಭೆ 1937ರಲ್ಲಿ ಜರ್ಮನಿಯ ಇಕ್ಸ್‌ಹೈಮ್‌ನಲ್ಲಿ ವಿಲೀನವಾಯಿತು.

ಇದನ್ನು ತಿಳಿದರೆ ಪ್ರಬಂಧಕ್ಕೆ ಏನು ಲಾಭ? ಒಂದು ಉದಾಹರಣೆ ಕೊಡುತ್ತೇನೆ. ರುಮ್‌ಸ್ಪ್ರಿಂಗ ಎಂಬ ಹೆಸರು ನೀವು ಕೇಳಿರಬಹುದು. ಸುಮಾರು 16 ವರ್ಷಕ್ಕೆ ಶುರುವಾಗುವ ಹರೆಯದ ಕಾಲ ಅದು. ಟಿವಿ ಕಾರ್ಯಕ್ರಮಗಳು ಇದನ್ನು ಕುಡಿತ, ಕುಣಿತದ ಹುಚ್ಚಾಟ ಎಂದು ತೋರಿಸುತ್ತವೆ. ಕೆಲವರು ಹಾಗೆ ಮಾಡುವುದೂ ಉಂಟು. ಆದರೆ ಹೆಚ್ಚಿನವರಿಗೆ ಅದು ಭಾನುವಾರ ಸಂಜೆ ಒಟ್ಟಿಗೆ ಸೇರಿ ಹಾಡುವ, ಜೋಡಿ ಹುಡುಕಿಕೊಳ್ಳುವ ಸಮಯ. ಈ ಕಾಲದಲ್ಲಿ ಅವರ ಮೇಲೆ ಚರ್ಚಿನ ಶಿಸ್ತು ಪೂರ್ತಿ ಏಕೆ ಇರುವುದಿಲ್ಲ? ಅವರು ಇನ್ನೂ ದೀಕ್ಷೆ ಪಡೆದ ಸದಸ್ಯರಲ್ಲ, ಅದಕ್ಕೆ. 1525ರಲ್ಲಿ ಜ್ಯೂರಿಕ್‌ನಲ್ಲಿ ಎದ್ದ ಮಾತೇ ಇದು: ಸೇರುವುದಾದರೆ ತಿಳಿದು ಸೇರಬೇಕು. ಸಾಮಾನ್ಯವಾಗಿ 18ರಿಂದ 22ರ ಒಳಗೆ ದೀಕ್ಷೆ ಆಗುತ್ತದೆ. ಸುಮಾರು ಶೇ. 85 ಅಥವಾ ಇನ್ನೂ ಜಾಸ್ತಿ ಮಂದಿ ಸಮುದಾಯದಲ್ಲೇ ಉಳಿಯುತ್ತಾರೆ. ಇತಿಹಾಸ ಗೊತ್ತಿಲ್ಲದವರು ರುಮ್‌ಸ್ಪ್ರಿಂಗದಲ್ಲಿ ಮೋಜು ಮಾತ್ರ ನೋಡುತ್ತಾರೆ. ಗೊತ್ತಿದ್ದವರಿಗೆ ಅದರ ಹಿಂದಿನ ತತ್ವವೂ ಕಾಣುತ್ತದೆ.

ಹಂತ 2: ಯಾವ ಆಮಿಶ್ ಎಂದು ತೀರ್ಮಾನಿಸಿ

ಆಮಿಶರಿಗೆ ಪೋಪ್ ಇಲ್ಲ, ಕೇಂದ್ರ ಕಚೇರಿ ಇಲ್ಲ. ತೀರ್ಮಾನ ಆಗುವುದು ಚರ್ಚ್ ಡಿಸ್ಟ್ರಿಕ್ಟ್ ಎಂಬ ಚಿಕ್ಕ ಘಟಕದಲ್ಲಿ. ಒಂದೊಂದರಲ್ಲಿ ಸುಮಾರು 20ರಿಂದ 40 ಕುಟುಂಬ. ಚರ್ಚಿನ ಕಟ್ಟಡವೂ ಸಾಮಾನ್ಯವಾಗಿ ಇರುವುದಿಲ್ಲ. ಎರಡು ವಾರಕ್ಕೊಮ್ಮೆ ಒಬ್ಬರ ಮನೆಯಲ್ಲಿ ಪ್ರಾರ್ಥನೆ. ಬೆಂಚುಗಳನ್ನು ಗಾಡಿಯಲ್ಲಿ ಹಾಕಿಕೊಂಡು ಮನೆಯಿಂದ ಮನೆಗೆ ಸಾಗಿಸುತ್ತಾರೆ. ಬಿಷಪ್, ಇಬ್ಬರು ಬೋಧಕರು, ಒಬ್ಬ ಡೀಕನ್ ಇರುತ್ತಾರೆ. ಇವರು ಯಾರೂ ಪಾದ್ರಿಗಳಿಗೆ ತರಬೇತಿ ಕೊಡುವ ಸೆಮಿನರಿಯಲ್ಲಿ ಓದಿದವರಲ್ಲ, ಸಂಬಳವೂ ಇಲ್ಲ. ಸದಸ್ಯರು ಕೆಲವರ ಹೆಸರು ಸೂಚಿಸುತ್ತಾರೆ. ಅಷ್ಟೇ ಸಂಖ್ಯೆಯ ಹಾಡಿನ ಪುಸ್ತಕಗಳನ್ನು ಇಟ್ಟು, ಒಂದರೊಳಗೆ ಚೀಟಿ ಸೇರಿಸುತ್ತಾರೆ. ಆ ಪುಸ್ತಕ ಯಾರ ಕೈಗೆ ಬಂತೋ ಅವರು ಬೋಧಕರು, ಜೀವನ ಪೂರ್ತಿ.

ಬದುಕಿನ ನಿಯಮಗಳಿಗೆ ಓರ್ಡ್‌ನುಂಗ್ ಎನ್ನುತ್ತಾರೆ. ಹೆಚ್ಚಿನ ಕಡೆ ಅದು ಬರಹದಲ್ಲಿ ಇರುವುದಿಲ್ಲ. ನಮ್ಮ ಹಳ್ಳಿಮನೆಗಳಲ್ಲಿ ಚಪ್ಪಲಿ ಎಲ್ಲಿ ಬಿಡಬೇಕು, ಯಾರು ಮೊದಲು ಊಟಕ್ಕೆ ಕೂರಬೇಕು ಎಂದು ಗೋಡೆಗೆ ಬೋರ್ಡು ಹಾಕಿರುವುದಿಲ್ಲ, ಆದರೂ ಎಲ್ಲರಿಗೂ ಗೊತ್ತಿರುತ್ತದೆ, ಅಲ್ವಾ? ಹಾಗೆ ಇದು. ವರ್ಷಕ್ಕೆ ಎರಡು ಸಲ, ಯೇಸುವಿನ ಕೊನೆಯ ಊಟವನ್ನು ನೆನೆಯುವ ಪ್ರಭುಭೋಜನದ ವಿಧಿಗೆ ಮೊದಲು, ಸದಸ್ಯರೆಲ್ಲ ಸೇರಿ ಇದನ್ನು ಮಾತಾಡಿ ಒಪ್ಪಿಗೆ ಕೊಡುತ್ತಾರೆ. ಒಮ್ಮತ ಇಲ್ಲದಿದ್ದರೆ ಪ್ರಭುಭೋಜನವೇ ಮುಂದಕ್ಕೆ ಹೋಗಬಹುದು.

ಪೆನ್ಸಿಲ್ವೇನಿಯಾದ ಬಿಗ್ ವ್ಯಾಲಿ ನೋಡಿ. ಒಂದೇ ಕಣಿವೆಯಲ್ಲಿ ಮೂರು ಆಮಿಶ್ ಪಂಗಡಗಳಿವೆ. ಒಬ್ಬರ ಗಾಡಿಯ ಮೇಲ್ಛಾವಣಿ ಬಿಳಿ, ಇನ್ನೊಬ್ಬರದು ಹಳದಿ, ಮತ್ತೊಬ್ಬರದು ಕಪ್ಪು. ಲ್ಯಾಂಕಾಸ್ಟರ್‌ನಲ್ಲಿ ಗಾಡಿ ಬೂದು ಬಣ್ಣದ್ದು, ಒಹಾಯೊದ ಹೋಮ್ಸ್ ಕೌಂಟಿಯಲ್ಲಿ ಕಪ್ಪು. ಇದು ಬರೀ ಬಣ್ಣದ ವಿಷಯ ಅಲ್ಲ. 1860ರ ದಶಕದ ಒಡಕಿನಲ್ಲಿ ಹಳೆಯ ಪದ್ಧತಿಗೆ ಗಟ್ಟಿಯಾಗಿ ನಿಂತವರು ಓಲ್ಡ್ ಆರ್ಡರ್ ಆಮಿಶ್. ಇಪ್ಪತ್ತನೇ ಶತಮಾನದಲ್ಲಿ ಅವರಿಂದ ಇನ್ನೂ ಕೆಲವು ಗುಂಪುಗಳು ಹೊರಟವು. ಸ್ವಾರ್ಟ್‌ಜೆಂಟ್ರೂಬರ್ ಗುಂಪು ಅತಿ ಬಿಗಿ. ನಿಧಾನವಾಗಿ ಹೋಗುವ ವಾಹನ ಎಂದು ಎಚ್ಚರಿಸಲು ಗಾಡಿಯ ಹಿಂದೆ ಕಿತ್ತಳೆ ಬಣ್ಣದ ತ್ರಿಕೋನ ಹಾಕುವುದಕ್ಕೂ ಒಪ್ಪದೆ ಅವರಲ್ಲಿ ಕೆಲವರು ಕೆಂಟಕಿಯಲ್ಲಿ ಜೈಲಿಗೆ ಹೋಗಿದ್ದಾರೆ. ಇನ್ನೊಂದು ತುದಿಯಲ್ಲಿ 1927ರಲ್ಲಿ ಬೇರೆಯಾದ ಬೀಚಿ ಆಮಿಶರು. ಅವರು ಕಾರು ಇಟ್ಟುಕೊಳ್ಳುತ್ತಾರೆ.

ಆದ್ದರಿಂದ "ಆಮಿಶರು ಹೀಗೆ ಮಾಡುತ್ತಾರೆ" ಎಂದು ಬರೆಯುವ ಬದಲು "ಲ್ಯಾಂಕಾಸ್ಟರ್‌ನ ಓಲ್ಡ್ ಆರ್ಡರ್ ಆಮಿಶರು ಹೀಗೆ ಮಾಡುತ್ತಾರೆ" ಎಂದು ಬರೆಯಿರಿ. ನನ್ನ ಸಲಹೆ: ಲ್ಯಾಂಕಾಸ್ಟರ್ ಅಥವಾ ಹೋಮ್ಸ್ ಕೌಂಟಿ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ಇವೆರಡರ ಬಗ್ಗೆ ಬರಹ ಜಾಸ್ತಿ ಸಿಗುತ್ತದೆ. ಚಿಕ್ಕ ನೆಲೆಯೊಂದನ್ನು ಆರಿಸಿಕೊಂಡರೆ ಮೂಲಗಳಿಗೆ ಪರದಾಡುತ್ತೀರಿ.

ಹಂತ 3: ಪ್ರಶ್ನೆಯನ್ನು ಚಿಕ್ಕದು ಮಾಡಿ

"ಆಮಿಶರ ಜೀವನಶೈಲಿ" ಒಂದು ವಿಷಯವೇ ಅಲ್ಲ. ಅದು ಪುಸ್ತಕಕ್ಕೂ ದೊಡ್ಡದು. ಐದಾರು ಪುಟದಲ್ಲಿ ಉತ್ತರ ಕೊಡಬಹುದಾದ ಪ್ರಶ್ನೆ ಬೇಕು. ಕೆಲವು ಹೇಳುತ್ತೇನೆ. ಜಮೀನಿನ ಬೆಲೆ ಏರಿ ಬೇಸಾಯ ಬಿಟ್ಟು ಮರಗೆಲಸಕ್ಕೆ ಬಂದಾಗ ಲ್ಯಾಂಕಾಸ್ಟರ್‌ನ ಆಮಿಶ್ ಕುಟುಂಬಗಳಲ್ಲಿ ಏನು ಬದಲಾಯಿತು? ಉತ್ತರ ಇಂಡಿಯಾನಾದಲ್ಲಿ ಒಳಗೇ ವಾಸ ಮಾಡಬಹುದಾದ ಪ್ರವಾಸದ ವಾಹನ (ಆರ್‌ವಿ) ತಯಾರಿಸುವ ಕಾರ್ಖಾನೆಗೆ ಹೋಗುವ ಆಮಿಶ್ ಅಪ್ಪಂದಿರು ದಿನವಿಡೀ ಮನೆಯಲ್ಲಿ ಇರುವುದಿಲ್ಲ. ಮಕ್ಕಳಿಗೆ ಕೆಲಸ ಕಲಿಸುವುದು ಯಾರು? ಖಾಸಗಿ ವಿಮೆ ಇಲ್ಲದ ಸಮುದಾಯ ದೊಡ್ಡ ಆಸ್ಪತ್ರೆ ಬಿಲ್ಲನ್ನು ಹೇಗೆ ಕಟ್ಟುತ್ತದೆ?

ತೆರಿಗೆಯ ವಿಷಯವೂ ಚೆನ್ನಾಗಿದೆ. ಆಮಿಶರು ತೆರಿಗೆ ಕಟ್ಟುವುದಿಲ್ಲ ಎನ್ನುವ ಮಾತು ಹರಿದಾಡುತ್ತದೆ. ಅದು ತಪ್ಪು. ಆದಾಯ ತೆರಿಗೆ, ಆಸ್ತಿ ತೆರಿಗೆ, ಮಾರಾಟ ತೆರಿಗೆ ಎಲ್ಲವನ್ನೂ ಕಟ್ಟುತ್ತಾರೆ. ಅವರು ಒಪ್ಪದಿದ್ದದ್ದು ಸೋಶಿಯಲ್ ಸೆಕ್ಯೂರಿಟಿಯನ್ನು, ಅಂದರೆ ದುಡಿಯುವವರಿಂದ ತೆರಿಗೆ ಪಡೆದು ಮುಂದೆ ಪಿಂಚಣಿ ಕೊಡುವ ಸರ್ಕಾರಿ ಯೋಜನೆಯನ್ನು. ಮುದುಕರನ್ನು, ಕಾಯಿಲೆಯವರನ್ನು ನೋಡಿಕೊಳ್ಳುವುದು ಮನೆಯವರ ಮತ್ತು ಚರ್ಚಿನ ಕರ್ತವ್ಯ, ಸರ್ಕಾರದ್ದಲ್ಲ ಎನ್ನುವುದು ಅವರ ನಿಲುವು. 1961ರಲ್ಲಿ ಪೆನ್ಸಿಲ್ವೇನಿಯಾದ ನ್ಯೂ ವಿಲ್ಮಿಂಗ್ಟನ್‌ನಲ್ಲಿ ವ್ಯಾಲೆಂಟೈನ್ ಬೈಲರ್ ಎಂಬ ರೈತ ಹೊಲ ಉಳುತ್ತಿದ್ದಾಗಲೇ ತೆರಿಗೆ ಅಧಿಕಾರಿಗಳು ಬಂದು ಕುದುರೆಗಳನ್ನು ಬಾಕಿಗೆ ಹಿಡಿದುಕೊಂಡು ಹೋದರು. ದೇಶವೆಲ್ಲ ಸುದ್ದಿಯಾಯಿತು. 1965ರ ಕಾನೂನಿನಲ್ಲಿ ಸ್ವಂತ ಉದ್ಯೋಗದ ಆಮಿಶರಿಗೆ ವಿನಾಯಿತಿ ಸಿಕ್ಕಿತು. ಕೆಲಸಗಾರರನ್ನು ಇಟ್ಟುಕೊಂಡ ಆಮಿಶ್ ಮಾಲೀಕರಿಗೆ ಅದು ಅನ್ವಯಿಸುವುದಿಲ್ಲ ಎಂದು 1982ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 1988ರಲ್ಲಿ ಸಂಸತ್ತು ಆ ಕಂದಕವನ್ನೂ ಮುಚ್ಚಿತು: ಮಾಲೀಕ, ಕೆಲಸಗಾರ ಇಬ್ಬರೂ ಆಮಿಶ್ ಆಗಿದ್ದರೆ ವಿನಾಯಿತಿ. ನೋಡಿ, ಇಷ್ಟರಲ್ಲೇ ಒಂದು ಪ್ರಬಂಧದ ಅಸ್ಥಿಪಂಜರ ಸಿದ್ಧ.

ಹಂತ 4: ಮೂಲಗಳನ್ನು ಗುಂಪು ಮಾಡಿಕೊಳ್ಳಿ

ಗೂಗಲ್‌ನಲ್ಲಿ ಸುಮ್ನೆ "ಆಮಿಶ್" ಎಂದು ಹೊಡೆದರೆ ಮೊದಲು ಬರುವುದು ಪ್ರವಾಸೋದ್ಯಮದ ಪುಟಗಳು, ಪೀಠೋಪಕರಣ ಮಾರುವ ಅಂಗಡಿಗಳು. ಅಲ್ಲಿಂದ ಶುರು ಮಾಡಬೇಡಿ.

ಶುರು ಮಾಡಬೇಕಾದದ್ದು ಪೆನ್ಸಿಲ್ವೇನಿಯಾದ ಎಲಿಜಬೆತ್‌ಟೌನ್ ಕಾಲೇಜಿನ ಯಂಗ್ ಸೆಂಟರ್‌ನಿಂದ. ಆಮಿಶ್ ಅಧ್ಯಯನಕ್ಕೆ ಅದು ದೊಡ್ಡ ಕೇಂದ್ರ. ಅವರ ಆಮಿಶ್ ಸ್ಟಡೀಸ್ ವೆಬ್‌ಸೈಟಿನಲ್ಲಿ ಶಿಕ್ಷಣ, ಆರೋಗ್ಯ, ತಂತ್ರಜ್ಞಾನದ ಮೇಲೆ ಚಿಕ್ಕ ನಂಬಲರ್ಹ ಬರಹಗಳಿವೆ. ಪ್ರತಿ ವರ್ಷ ಜನಸಂಖ್ಯೆಯ ಅಂದಾಜೂ ಬರುತ್ತದೆ. ಆಮೇಲೆ ಗಾಮಿಯೊ ಎಂಬ ಆನ್‌ಲೈನ್ ವಿಶ್ವಕೋಶ ನೋಡಿ. ಅನಾಬ್ಯಾಪ್ಟಿಸ್ಟರ ಇತಿಹಾಸಕ್ಕೆ ಅದು ಚೆನ್ನಾಗಿದೆ, ಉಚಿತ.

ಪುಸ್ತಕಗಳಲ್ಲಿ ಎರಡು ಸಾಕು. ಡೊನಾಲ್ಡ್ ಕ್ರೇಬಿಲ್, ಕ್ಯಾರೆನ್ ಜಾನ್ಸನ್ ವೈನರ್, ಸ್ಟೀವನ್ ನೋಲ್ಟ್ ಮೂವರೂ ಸೇರಿ 2013ರಲ್ಲಿ ತಂದ "ದಿ ಆಮಿಶ್" ಮೊದಲನೆಯದು. ಇನ್ನೊಂದು ಜಾನ್ ಹಾಸ್ಟೆಟ್ಲರ್ ಅವರ "ಆಮಿಶ್ ಸೊಸೈಟಿ", ಮೊದಲ ಮುದ್ರಣ 1963. ಹಾಸ್ಟೆಟ್ಲರ್ ಸ್ವತಃ ಬಿಗ್ ವ್ಯಾಲಿಯ ಆಮಿಶ್ ಮನೆಯಲ್ಲಿ ಹುಟ್ಟಿದವರು. ದೀಕ್ಷೆ ಪಡೆಯದೆ ಮೆನೊನೈಟ್ ಚರ್ಚಿಗೆ ಹೋಗಿ, ಪ್ರೊಫೆಸರ್ ಆದರು. ಒಳಗಿನ ನೋಟ, ಹೊರಗಿನ ನೋಟ ಎರಡೂ ಅವರಲ್ಲಿ ಇದೆ. ಆದರೆ ಅವರು ಬರೆದ ಕಾಲದಲ್ಲಿ ಹೆಚ್ಚಿನ ಆಮಿಶರು ಬೇಸಾಯಗಾರರು. ಇವತ್ತು ದೊಡ್ಡ ನೆಲೆಗಳಲ್ಲಿ ಬೇಸಾಯ ನಂಬಿದ ಕುಟುಂಬಗಳೇ ಕಡಿಮೆ. ಇಲ್ಲೇ ನಿಮ್ಮ ಎರಡನೇ ಪ್ರಶ್ನೆ, ಯಾವ ವರ್ಷ, ಕೆಲಸಕ್ಕೆ ಬರುತ್ತದೆ. ಪುಸ್ತಕ ನಿಮ್ಮ ಲೈಬ್ರರಿಯಲ್ಲಿ ಇಲ್ಲವೆಂದರೆ ಬೇರೆ ಲೈಬ್ರರಿಯಿಂದ ತರಿಸಿಕೊಡುವ ಇಂಟರ್‌ಲೈಬ್ರರಿ ಲೋನ್ ಕೇಳಿ. ಕರ್ನಾಟಕದಲ್ಲೇ ಓದುತ್ತಿರುವವರು ಇಂಟರ್ನೆಟ್ ಆರ್ಕೈವ್‌ನಲ್ಲಿ ಹುಡುಕಿ ನೋಡಿ. "ಜರ್ನಲ್ ಆಫ್ ಆಮಿಶ್ ಅಂಡ್ ಪ್ಲೇನ್ ಅನಾಬ್ಯಾಪ್ಟಿಸ್ಟ್ ಸ್ಟಡೀಸ್" ಎಂಬ ಪತ್ರಿಕೆಯ ಲೇಖನಗಳು ದುಡ್ಡಿಲ್ಲದೆ ಸಿಗುತ್ತವೆ.

ಇನ್ನು ಆಮಿಶರೇ ಬರೆದದ್ದು. ಬಹಳ ವಿದ್ಯಾರ್ಥಿಗಳು ಇದನ್ನು ಮುಟ್ಟುವುದೇ ಇಲ್ಲ, ಅದು ನನಗೆ ಬೇಸರದ ಸಂಗತಿ. ಒಂದು ಸಮುದಾಯದ ಬಗ್ಗೆ ಬರೆದು ಅವರ ಒಂದು ಮಾತನ್ನೂ ಓದದಿದ್ದರೆ ಹೇಗೆ? ಒಹಾಯೊದ ಶುಗರ್‌ಕ್ರೀಕ್‌ನಿಂದ 1890ರಿಂದ "ದಿ ಬಜೆಟ್" ಎಂಬ ವಾರಪತ್ರಿಕೆ ಬರುತ್ತಿದೆ. ಬೇರೆ ಬೇರೆ ನೆಲೆಗಳಿಂದ ಜನ ಬರೆದ ಪತ್ರಗಳೇ ಅದರ ತುಂಬ: ಹವಾಮಾನ, ಬೆಳೆ, ಯಾರ ಮನೆಗೆ ಯಾರು ಬಂದರು, ಯಾರಿಗೆ ಹುಷಾರಿಲ್ಲ, ಯಾರು ತೀರಿಕೊಂಡರು. 1975ರಲ್ಲಿ ಶುರುವಾದ "ಡೀ ಬೋಟ್‌ಶಾಫ್ಟ್" ಸಹ ಅದೇ ಥರದ್ದು. ಕೆನಡಾದ ಆಂಟಾರಿಯೊ ಪ್ರಾಂತ್ಯದ ಏಲ್ಮರ್‌ನಿಂದ ಪಾಥ್‌ವೇ ಎಂಬ ಆಮಿಶ್ ಪ್ರಕಾಶನ "ಫ್ಯಾಮಿಲಿ ಲೈಫ್" ಎಂಬ ಮಾಸಿಕವನ್ನೂ, ಶಿಕ್ಷಕರಿಗಾಗಿ "ಬ್ಲ್ಯಾಕ್‌ಬೋರ್ಡ್ ಬುಲೆಟಿನ್" ಎಂಬುದನ್ನೂ ತರುತ್ತದೆ. ಇವನ್ನು ಓದುವಾಗ ಏನು ಬರೆದಿದ್ದಾರೆ ಎನ್ನುವುದರ ಜೊತೆ ಏನು ಬರೆದಿಲ್ಲ ಎನ್ನುವುದನ್ನೂ ಗಮನಿಸಿ. ಜಗಳ, ರಾಜಕೀಯ, ಸ್ವಂತ ಹೆಗ್ಗಳಿಕೆ ಕಾಣುವುದು ಕಡಿಮೆ. ತನ್ನನ್ನು ಹಿಂದಿಟ್ಟು ದೇವರಿಗೂ ಸಮುದಾಯಕ್ಕೂ ಬಾಗುವ ಗುಣಕ್ಕೆ ಗೆಲಾಸೆನ್‌ಹೈಟ್ ಎನ್ನುತ್ತಾರೆ. ಪಠ್ಯದಲ್ಲಿ ಓದಿದ ಆ ಗುಣ ಈ ಪತ್ರಗಳ ಧಾಟಿಯಲ್ಲಿ ಕಾಣುತ್ತದೆ.

ಸಮುದಾಯ ಬಿಟ್ಟು ಬಂದವರ ಆತ್ಮಕಥನ, ಯೂಟ್ಯೂಬ್ ಮಾತುಗಳೂ ಮೂಲಗಳೇ. ಅವುಗಳನ್ನು ತಳ್ಳಿಹಾಕಬೇಡಿ. ಆದರೆ ಒಬ್ಬರ ಅನುಭವ ಒಂದು ಗುಂಪಿನ, ಒಂದು ಕಾಲದ ಅನುಭವ. ಬಿಟ್ಟುಹೋದವರ ಮಾತು ಎಷ್ಟು ಮುಖ್ಯವೋ ಉಳಿದವರ ಮಾತೂ ಅಷ್ಟೇ ಮುಖ್ಯ. ರಿಯಾಲಿಟಿ ಶೋಗಳನ್ನು ಮಾತ್ರ ಸಾಕ್ಷಿಯಾಗಿ ಬಳಸಲೇಬೇಡಿ. ಮಾಧ್ಯಮ ಆಮಿಶರನ್ನು ಹೇಗೆ ತೋರಿಸುತ್ತದೆ ಎನ್ನುವುದೇ ನಿಮ್ಮ ವಿಷಯವಾಗಿದ್ದರೆ ಮಾತ್ರ ಸರಿ.

ಅಂಕಿ ಅಂಶದ ಬಗ್ಗೆ ಒಂದು ಎಚ್ಚರ. ಅಮೆರಿಕದ ಜನಗಣತಿ ಧರ್ಮ ಯಾವುದೆಂದು ಕೇಳುವುದಿಲ್ಲ. ಯಂಗ್ ಸೆಂಟರ್ ಕೊಡುವುದು ಚರ್ಚ್ ಡಿಸ್ಟ್ರಿಕ್ಟ್‌ಗಳ ಲೆಕ್ಕದ ಮೇಲೆ ಮಾಡಿದ ಅಂದಾಜು. ಅದರಲ್ಲಿ ಮಕ್ಕಳೂ ಸೇರಿದ್ದಾರೆ, ಕಾರು ಇಟ್ಟುಕೊಳ್ಳುವ ಬೀಚಿ ಗುಂಪು ಸೇರಿಲ್ಲ. 1920ರ ಹೊತ್ತಿಗೆ ಸುಮಾರು 5,000 ಇದ್ದವರು 2024ರ ಅಂದಾಜಿನಲ್ಲಿ 4 ಲಕ್ಷ ಮುಟ್ಟಿದ್ದಾರೆ. ಸುಮಾರು 20 ವರ್ಷಕ್ಕೊಮ್ಮೆ ಸಂಖ್ಯೆ ಎರಡರಷ್ಟಾಗುತ್ತಿದೆ. ಹೊರಗಿನವರು ಬಂದು ಸೇರುವುದು ಬಹಳ ಅಪರೂಪ. ದೊಡ್ಡ ಕುಟುಂಬಗಳು, ಬಿಟ್ಟುಹೋಗದ ಮಕ್ಕಳು, ಇವೇ ಕಾರಣ. ಅರ್ಧಕ್ಕಿಂತ ಜಾಸ್ತಿ ಜನ ಪೆನ್ಸಿಲ್ವೇನಿಯಾ, ಒಹಾಯೊ, ಇಂಡಿಯಾನಾ ಮೂರೇ ರಾಜ್ಯಗಳಲ್ಲಿದ್ದಾರೆ.

ಹಂತ 5: ಒಂದು ಕೋರ್ಟ್ ತೀರ್ಪನ್ನು ಪೂರ್ತಿ ಓದಿ

ಇದನ್ನು ಎಲ್ಲರಿಗೂ ಹೇಳುತ್ತೇನೆ. ಸಾರಾಂಶ ಬೇಡ, ತೀರ್ಪನ್ನೇ ಓದಿ. ವಿಸ್ಕಾನ್ಸಿನ್ ವಿರುದ್ಧ ಯೋಡರ್, 15 ಮೇ 1972.

ವಿಸ್ಕಾನ್ಸಿನ್ ಕಾನೂನಿನ ಪ್ರಕಾರ ಮಕ್ಕಳು 16ರವರೆಗೆ ಶಾಲೆಗೆ ಹೋಗಬೇಕಿತ್ತು. ಆಮಿಶರು ಎಂಟನೇ ತರಗತಿಗೆ ನಿಲ್ಲಿಸುತ್ತಾರೆ. ಗ್ರೀನ್ ಕೌಂಟಿಯ ಮೂವರು ಅಪ್ಪಂದಿರು ಮಕ್ಕಳನ್ನು ಹೈಸ್ಕೂಲಿಗೆ ಕಳಿಸಲಿಲ್ಲ. ತಲಾ 5 ಡಾಲರ್ ದಂಡ ಬಿತ್ತು. ರಾಜ್ಯದ ಸುಪ್ರೀಂ ಕೋರ್ಟು ಆಮಿಶರ ಪರ ನಿಂತಿತು. ಸರ್ಕಾರ ಮೇಲ್ಮನವಿ ಹೋಯಿತು. ಕೊನೆಗೆ ಅಮೆರಿಕದ ಸುಪ್ರೀಂ ಕೋರ್ಟ್ ಕೂಡ ಆಮಿಶರ ಕಡೆಗೇ ತೀರ್ಪು ಕೊಟ್ಟಿತು. ಮುಖ್ಯ ನ್ಯಾಯಮೂರ್ತಿ ವಾರನ್ ಬರ್ಗರ್ ತೀರ್ಪು ಬರೆದರು. ಮೇಲೆ ಹೇಳಿದ ಹಾಸ್ಟೆಟ್ಲರ್ ವಿಚಾರಣೆಯಲ್ಲಿ ತಜ್ಞ ಸಾಕ್ಷಿ.

ಓದುವಾಗ ಎರಡು ಕಡೆ ನಿಂತು ಯೋಚಿಸಿ. ಮೊದಲನೆಯದು, ಮೂವರಲ್ಲಿ ಇಬ್ಬರು ಓಲ್ಡ್ ಆರ್ಡರ್ ಆಮಿಶ್, ಮೂರನೆಯವರು ಕನ್ಸರ್ವೇಟಿವ್ ಆಮಿಶ್ ಮೆನೊನೈಟ್ ಚರ್ಚಿನವರು. ತೀರ್ಪಿನ ಶುರುವಿನಲ್ಲೇ ಇದು ಇದೆ, ಆದರೂ ಪ್ರಬಂಧಗಳಲ್ಲಿ ಬರುವುದಿಲ್ಲ. ಎರಡನೆಯದು, ನ್ಯಾಯಮೂರ್ತಿ ವಿಲಿಯಂ ಡಗ್ಲಸ್ ಅವರ ಭಿನ್ನಮತ. ಅಪ್ಪಂದಿರ ಧಾರ್ಮಿಕ ಹಕ್ಕಿನ ಮಾತಾಯಿತು, ಮಕ್ಕಳನ್ನು ಯಾರು ಕೇಳಿದರು ಎಂಬುದು ಅವರ ಪ್ರಶ್ನೆ. ಒಬ್ಬ ಹುಡುಗಿ ಮಾತ್ರ ಸಾಕ್ಷಿ ಹೇಳಿದ್ದಳು. ಪಿಯಾನೊ ವಾದಕಿಯೋ ಗಗನಯಾತ್ರಿಯೋ ಸಾಗರವಿಜ್ಞಾನಿಯೋ ಆಗಬೇಕು ಎಂದು ಒಂದು ಮಗುವಿಗೆ ಅನ್ನಿಸಿದರೆ ಅದು ಆಮಿಶ್ ಪರಂಪರೆಯಿಂದ ಹೊರಗೆ ಬರಬೇಕಾಗುತ್ತದೆ ಎಂದು ಅವರು ಬರೆದರು. ಬರ್ಗರ್ ಮತ್ತು ಡಗ್ಲಸ್ ಇಬ್ಬರನ್ನೂ ಎದುರು ಬದುರು ಇಟ್ಟು ನೀವು ನಿಲುವು ತೆಗೆದುಕೊಂಡರೆ ಅದೇ ಪ್ರಬಂಧ. ಇಬ್ಬರ ವಾದವೂ ಗಟ್ಟಿ ಇದೆ. ನನಗೆ ಡಗ್ಲಸ್ ಎತ್ತಿದ ಪ್ರಶ್ನೆಗೆ ಇವತ್ತಿಗೂ ಸರಿಯಾದ ಉತ್ತರ ಸಿಕ್ಕಿಲ್ಲ ಅನ್ನಿಸುತ್ತದೆ.

ಇದರ ಹಿನ್ನೆಲೆ ಬೇಕಿದ್ದರೆ 1965ರ ಐಯೊವಾ ಘಟನೆ ಹುಡುಕಿ. ಅಧಿಕಾರಿಗಳು ಆಮಿಶ್ ಮಕ್ಕಳನ್ನು ಸರ್ಕಾರಿ ಶಾಲೆಗೆ ಕರೆದೊಯ್ಯಲು ಬಂದಾಗ ಮಕ್ಕಳು ಮೆಕ್ಕೆಜೋಳದ ಹೊಲಕ್ಕೆ ಓಡುವ ಫೋಟೊ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಜನರ ಅಭಿಪ್ರಾಯ ತಿರುಗಲು ಅದೂ ಒಂದು ಕಾರಣ.

ಹಂತ 6: ಒಂದೇ ವಸ್ತುವಿನ ಜಾಡು ಹಿಡಿಯಿರಿ

ಇಡೀ ತಂತ್ರಜ್ಞಾನದ ಬಗ್ಗೆ ಬರೆಯಬೇಡಿ. ಒಂದು ವಸ್ತು ಹಿಡಿಯಿರಿ, ಅದರ ಕಥೆಯನ್ನು ವರ್ಷದಿಂದ ವರ್ಷಕ್ಕೆ ನೋಡಿ. ಫೋನ್ ಒಳ್ಳೆಯ ಉದಾಹರಣೆ.

ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಲ್ಯಾಂಕಾಸ್ಟರ್ ಹಳ್ಳಿಗಳಿಗೆ ಫೋನ್ ಬಂದಾಗ ಕೆಲವು ಆಮಿಶ್ ಮನೆಗಳೂ ಹಾಕಿಸಿಕೊಂಡವು. 1910ರ ಹೊತ್ತಿಗೆ ಚರ್ಚು ಬೇಡ ಎಂದಿತು. ಆ ಕಾಲದ ಲೈನುಗಳಲ್ಲಿ ಅಕ್ಕಪಕ್ಕದವರೆಲ್ಲ ಒಂದೇ ತಂತಿ ಹಂಚಿಕೊಳ್ಳುತ್ತಿದ್ದರು, ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಬೀಳುತ್ತಿತ್ತು. ಚಾಡಿ ಮಾತಿನಿಂದ ಮನಸ್ತಾಪ ಬೆಳೆಯಿತು ಎಂಬ ನೆನಪು ಸಮುದಾಯದಲ್ಲಿ ಉಳಿದಿದೆ. 1930ರ ದಶಕದಲ್ಲಿ ಕೆಲವು ಕುಟುಂಬಗಳು ಡಾಕ್ಟರನ್ನು, ಅಗ್ನಿಶಾಮಕ ದಳವನ್ನು ಕರೆಯಲು ಒಂದು ಹಂಚಿಕೊಳ್ಳುವ ಫೋನ್ ಬೇಕು ಎಂದು ಕೇಳಿದವು. ಹೀಗೆ ರಸ್ತೆ ಬದಿಯ ಚಿಕ್ಕ ಗೂಡಿನಲ್ಲಿ ಫೋನ್ ಬಂತು. ಬೇಸಾಯ ಬಿಟ್ಟು ವ್ಯಾಪಾರಕ್ಕೆ ಬಂದವರು ಹೆಚ್ಚಿದಂತೆ ಆ ಗೂಡುಗಳೂ ಹೆಚ್ಚಿದವು. ಉತ್ತರಿಸುವ ಯಂತ್ರ ಬಂತು. ಆಮೇಲೆ ಮೊಬೈಲ್.

ಈಗ ಇಲ್ಲಿ ಏನು ಕಾಣುತ್ತದೆ? ಫೋನ್ ಕೆಟ್ಟದ್ದು ಎಂದು ಯಾರೂ ಹೇಳಲಿಲ್ಲ. ಮನೆಯೊಳಗೆ ಬೇಡ ಎಂದರು. ಹೊರಗೆ, ನಾಲ್ಕು ಹೆಜ್ಜೆ ನಡೆದು ಹೋಗಿ ಬಳಸುವ ಜಾಗದಲ್ಲಿ ಇಟ್ಟರು. ಊಟದ ಮಧ್ಯೆ ಅದು ಕೂಗಬಾರದು, ಎದುರು ಕೂತು ಮಾತಾಡುವುದು ತಪ್ಪಬಾರದು. ಜೇಬಿನಲ್ಲಿ ಕೂರುವ ಮೊಬೈಲಿಗೆ ಈ ಉಪಾಯ ನಡೆಯುವುದಿಲ್ಲ. ಅದಕ್ಕೇ ಇವತ್ತು ಎಲ್ಲ ಕಡೆ ಬಿಸಿ ಚರ್ಚೆ ಅದರ ಮೇಲೆ. ಡಯೇನ್ ಜಿಮ್ಮರ್‌ಮನ್ ಅಂಬಲ್ ಅವರು ಲ್ಯಾಂಕಾಸ್ಟರ್‌ನ ಫೋನಿನ ಇತಿಹಾಸವನ್ನೇ ಪುಸ್ತಕ ಮಾಡಿದ್ದಾರೆ. ಬೇಕಾದರೆ ಆಳಕ್ಕೆ ಇಳಿಯಬಹುದು. ಟ್ರ್ಯಾಕ್ಟರ್, ಸೈಕಲ್, ಸೋಲಾರ್ ಪ್ಯಾನೆಲ್, ಯಾವುದಕ್ಕಾದರೂ ಇದೇ ಕ್ರಮ ಅನುಸರಿಸಿ: ಯಾವಾಗ ಬಂತು, ಯಾರು ಬೇಕೆಂದರು, ಯಾರು ಬೇಡವೆಂದರು, ಎಲ್ಲಿ ರಾಜಿ ಆಯಿತು.

ಹಂತ 7: ಹೋಗಿ ನೋಡುವುದಾದರೆ

ಲ್ಯಾಂಕಾಸ್ಟರ್ ಫಿಲಡೆಲ್ಫಿಯಾದಿಂದ 100 ಕಿ.ಮೀ.ಗೆ ಸ್ವಲ್ಪ ಜಾಸ್ತಿ, ಅಷ್ಟೇ. ಹೋಗಬಹುದು. ಆದರೆ ಯಾರನ್ನಾದರೂ ಸಂದರ್ಶನ ಮಾಡುವ ಯೋಚನೆ ಇದ್ದರೆ ಮೊದಲು ಪ್ರೊಫೆಸರನ್ನು ಕೇಳಿ. ಮನುಷ್ಯರ ಮೇಲಿನ ಸಂಶೋಧನೆಗೆ ಕಾಲೇಜಿನ ನೈತಿಕ ಸಮಿತಿಯ ಅನುಮತಿ ಬೇಕಾಗಬಹುದು. ಅದಕ್ಕೆ ವಾರಗಟ್ಟಲೆ ಹಿಡಿಯಬಹುದು, ಆದ್ದರಿಂದ ಸೆಮಿಸ್ಟರ್ ಶುರುವಿನಲ್ಲೇ ಕೇಳಿ.

ಫೋಟೊ ತೆಗೆಯಬೇಡಿ. ಮುಖ ಕಾಣುವ ಫೋಟೊಗೆ ನಿಲ್ಲುವುದು ವಿಗ್ರಹ ಮಾಡಬಾರದು ಎಂಬ ಬೈಬಲ್ ಆಜ್ಞೆಗೂ, ವಿನಯಕ್ಕೂ ವಿರುದ್ಧ ಎಂದು ಅವರು ಭಾವಿಸುತ್ತಾರೆ. ದೂರದಿಂದ ಜೂಮ್ ಮಾಡಿ ತೆಗೆಯುವುದೂ ಸರಿಯಲ್ಲ. ಮಕ್ಕಳನ್ನು ಮಾತಿಗೆ ಎಳೆಯಬೇಡಿ. ಶಾಲೆಗಳ ಹತ್ತಿರ ಸುಳಿದಾಡಬೇಡಿ. 2 ಅಕ್ಟೋಬರ್ 2006ರಂದು ಲ್ಯಾಂಕಾಸ್ಟರ್‌ನ ನಿಕಲ್ ಮೈನ್ಸ್ ಶಾಲೆಗೆ ನುಗ್ಗಿದ ಒಬ್ಬ 10 ಹುಡುಗಿಯರಿಗೆ ಗುಂಡು ಹಾರಿಸಿದ, ಐವರು ತೀರಿಕೊಂಡರು. ಆ ದಿನವೇ ಆಮಿಶ್ ನೆರೆಯವರು ಕೊಂದವನ ಹೆಂಡತಿ ಮಕ್ಕಳಿಗೆ ಸಮಾಧಾನ ಹೇಳಲು ಹೋದರು. ಈ ಕ್ಷಮೆಯ ಬಗ್ಗೆ ಬರೆಯಬೇಕೆಂದರೆ ಪ್ರಕಟವಾದ ಬರಹಗಳೇ ಸಾಕಷ್ಟಿವೆ. ದಯವಿಟ್ಟು ಆ ಊರಿಗೆ ಹೋಗಿ ನೊಂದವರನ್ನು ಕೆದಕಬೇಡಿ.

ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ವಾರದ ದಿನ ಹೋಗಿ. ರಸ್ತೆ ಬದಿಯ ತರಕಾರಿ ಅಂಗಡಿಯಲ್ಲಿ ಏನಾದರೂ ಕೊಳ್ಳಿ, ನಗದು ಇಟ್ಟುಕೊಂಡಿರಿ, ನೀವು ವಿದ್ಯಾರ್ಥಿ ಎಂದು ನೇರವಾಗಿ ಹೇಳಿ. ಕೆಲಸ ಇಲ್ಲದ ಹೊತ್ತಾದರೆ ಅವರೇ ನಾಲ್ಕು ಮಾತಾಡುತ್ತಾರೆ. ಭಾರತದ ಹಳ್ಳಿಗಳಲ್ಲಿ ಎತ್ತು, ಹಸು ಹೇಗೆ ಸಾಕುತ್ತಾರೆ ಎಂದು ಅವರೂ ಕೇಳಬಹುದು. ಅಪ್ಪ ಅಮ್ಮ ಬೇಸಾಯದವರಾಗಿದ್ದರೆ ನಿಮಗೆ ಹೇಳಲು ತುಂಬ ಇರುತ್ತದೆ. ಒಹಾಯೊ ಕಡೆಗೆ ಹೋದವರು ಬರ್ಲಿನ್ ಊರಿನ ಆಮಿಶ್ ಮತ್ತು ಮೆನೊನೈಟ್ ಹೆರಿಟೇಜ್ ಸೆಂಟರ್ ನೋಡಿ. ಅಲ್ಲಿ ಅನಾಬ್ಯಾಪ್ಟಿಸ್ಟ್ ಇತಿಹಾಸವನ್ನು ಗೋಡೆಯ ಸುತ್ತಲೂ ತೋರಿಸುವ ದೊಡ್ಡ ಸುತ್ತುಚಿತ್ರ ಇದೆ.

ಹಂತ 8: ಕಷ್ಟದ ಸಂಗತಿಗಳನ್ನು ಬಿಡಬೇಡಿ

ಆಮಿಶರನ್ನು ಸರಳ ಬದುಕಿನ ಸಂತರು ಎಂದು ಬರೆಯುವುದು ಸುಲಭ, ಓದಲು ಹಿತ. ಅದು ಅವರಿಗೆ ಮಾಡುವ ನ್ಯಾಯ ಅಲ್ಲ. ದೀಕ್ಷೆ ಪಡೆದ ಮೇಲೆ ಬಿಟ್ಟುಹೋದವರನ್ನು ದೂರ ಇಡುವ ಪದ್ಧತಿ ಮನೆಗಳನ್ನು ಒಡೆಯುತ್ತದೆ. ಒಟ್ಟಿಗೆ ಒಂದೇ ಟೇಬಲ್ಲಿನಲ್ಲಿ ಊಟ ಮಾಡದ ಅಮ್ಮ ಮಗ ಇದ್ದಾರೆ. ಲೈಂಗಿಕ ದೌರ್ಜನ್ಯದ ದೂರುಗಳನ್ನು ಪೊಲೀಸರಿಗೆ ಕೊಡದೆ ಚರ್ಚಿನೊಳಗೇ ತಪ್ಪೊಪ್ಪಿಗೆ, ಕ್ಷಮೆ ಎಂದು ಮುಗಿಸಿದ ಪ್ರಕರಣಗಳು ಕೋರ್ಟುಗಳಲ್ಲಿ ಬಂದಿವೆ. ಬೋಧಕರಾಗುವ ಹಕ್ಕು ಹೆಂಗಸರಿಗಿಲ್ಲ, ಆದರೆ ಹೆಸರು ಸೂಚಿಸುವಾಗ, ಒಪ್ಪಿಗೆ ಕೊಡುವಾಗ ಅವರ ಮಾತೂ ಲೆಕ್ಕಕ್ಕಿದೆ. ಎರಡನ್ನೂ ಬರೆಯಿರಿ.

ಆರೋಗ್ಯದ ವಿಷಯದಲ್ಲೂ ಅಷ್ಟೆ. ಕೆಲವೇ ಕುಟುಂಬಗಳಿಂದ ಬೆಳೆದ ಸಮುದಾಯದಲ್ಲಿ ಕೆಲವು ಅಪರೂಪದ ಆನುವಂಶಿಕ ಕಾಯಿಲೆಗಳು ಜಾಸ್ತಿ. ಆದರೆ ಅವರು ಆಸ್ಪತ್ರೆಗೆ ಹೋಗುವುದಿಲ್ಲ ಎನ್ನುವುದು ಸುಳ್ಳು. 1989ರಲ್ಲಿ ಡಾ. ಹೋಮ್ಸ್ ಮಾರ್ಟನ್ ಲ್ಯಾಂಕಾಸ್ಟರ್ ಕೌಂಟಿಯಲ್ಲಿ ಕ್ಲಿನಿಕ್ ಫಾರ್ ಸ್ಪೆಷಲ್ ಚಿಲ್ಡ್ರನ್ ಶುರು ಮಾಡಿದಾಗ ಕಟ್ಟಡ ಎತ್ತಲು ಆಮಿಶ್ ಮತ್ತು ಮೆನೊನೈಟ್ ಬಡಗಿಗಳೇ ಬಂದರು. ಇವತ್ತು ಅದು ಜೀನ್ ಪರೀಕ್ಷೆ ನಡೆಸುವ ಆಧುನಿಕ ಕೇಂದ್ರ.

ಹಂತ 9: ಬರೆಯಲು ಕೂತಾಗ

ಓದುವಾಗಲೇ ನೋಟ್ಸನ್ನು ಮೂರು ಕಾಲಂ ಮಾಡಿ ಬರೆಯಿರಿ: ಸಂಗತಿ, ಯಾವ ಗುಂಪು ಮತ್ತು ವರ್ಷ, ಹೇಳಿದವರು ಮತ್ತು ಪುಟ ಸಂಖ್ಯೆ. ಮೂರನೇ ಕಾಲಂ ಖಾಲಿ ಉಳಿದ ಸಂಗತಿಯನ್ನು ಪ್ರಬಂಧಕ್ಕೆ ಹಾಕಬೇಡಿ. ಕೊನೆಯ ರಾತ್ರಿ ಪುಟ ಸಂಖ್ಯೆ ಹುಡುಕುವ ಕಷ್ಟವೂ ತಪ್ಪುತ್ತದೆ.

ಮೊದಲ ಪ್ಯಾರಾದಲ್ಲಿ ನಿಮ್ಮ ಪ್ರಶ್ನೆ ಮತ್ತು ನಿಲುವು ಎರಡೂ ಬರಲಿ. ಇತಿಹಾಸಕ್ಕೆ ಒಂದು ಪುಟಕ್ಕಿಂತ ಜಾಸ್ತಿ ಕೊಡಬೇಡಿ, ಅದು ಹಿನ್ನೆಲೆ ಮಾತ್ರ. ಓರ್ಡ್‌ನುಂಗ್, ಗೆಲಾಸೆನ್‌ಹೈಟ್ ಥರದ ಜರ್ಮನ್ ಪದ ಮೊದಲ ಸಲ ಬಂದಾಗ ಒಂದು ವಾಕ್ಯದಲ್ಲಿ ವಿವರಿಸಿ ಮುಂದೆ ಹೋಗಿ.

ಬರೆದಾದ ಮೇಲೆ "ಆಮಿಶರು" ಎಂಬ ಪದ ಬಂದ ಪ್ರತಿ ವಾಕ್ಯವನ್ನೂ ಹುಡುಕಿ. ಅದು ಎಲ್ಲ ಆಮಿಶರಿಗೂ ನಿಜವೇ ಎಂದು ಕೇಳಿ. ಅಲ್ಲವಾದರೆ ಊರಿನ ಹೆಸರೋ ಗುಂಪಿನ ಹೆಸರೋ ಸೇರಿಸಿ. "ಹಿಂದುಳಿದ", "ಕಾಲ ನಿಂತುಹೋದ" ಎಂಬ ವಿಶೇಷಣಗಳಿದ್ದರೆ ತೆಗೆಯಿರಿ. ಮೆನೊನೈಟ್ ಮತ್ತು ಆಮಿಶ್ ಎಲ್ಲೂ ಅದಲು ಬದಲಾಗಿಲ್ಲ ಎಂದು ನೋಡಿ. ಜನಸಂಖ್ಯೆಯ ಅಂಕಿಯ ಪಕ್ಕ ವರ್ಷ ಇದೆಯೇ ಎಂದೂ ನೋಡಿ. ಆಮೇಲೆ ಕಾಲೇಜಿನ ರೈಟಿಂಗ್ ಸೆಂಟರ್‌ನಲ್ಲಿ ಒಬ್ಬರಿಗೆ ಓದಲು ಕೊಟ್ಟು, ಅವರು ಪ್ರಶ್ನೆ ಕೇಳಿದ ಜಾಗಗಳಲ್ಲಿ ಮತ್ತೊಮ್ಮೆ ಮೂಲ ತೆರೆದು ನೋಡಿ ತಿದ್ದಿ.